ಕೀ ತೆಗೆದ ಮೇಲೂ ನಿಲ್ಲದ ವ್ಯಾನು

ಮಾರ್ಚ್ 6

ಮಾವನವರಿಗೆ ನಮಸ್ಕಾರಗಳು.

ಫೋನ್ ಮಾಡಿದರೆ ನೀವು "ಹಾಂ? ಹಾಂ?" ಅನ್ನುವುದು, ನಾನು ಗಂಟಲು ಹರಿದುಕೊಳ್ಳುವುದು, ಮಗು ಬೆಚ್ಚಿಬಿದ್ದು ಅಳುವುದು, ಕೊನೆಗೆ ಅತ್ತಿಗೆ ಫೋನು ಇಸಿದುಕೊಂಡು "ಆಮೇಲೆ ಮಾಡ್ತೀವಿ ಕಣೇ" ಅನ್ನುವುದು. ಪ್ರತಿ ಸಲವೂ ಇಷ್ಟೇ. ಜೀವಮಾನವಿಡೀ ಇಂಜಿನ್ನುಗಳಿಗೆ ಕೊಟ್ಟ ಕಿವಿ ಇನ್ನು ಮನುಷ್ಯರ ಮಾತಿಗೆ ವಾಪಸು ಬರುವುದಿಲ್ಲ ಎಂದು ನೀವೇ ಹೇಳುತ್ತೀರಲ್ಲ. ಹಾಗಾಗಿ ಕಾಗದ.

ಸೊಂಟದ ಆಪರೇಷನ್ ಆದಮೇಲೆ ನಡಿಗೆ ಹೇಗಿದೆ? ಅತ್ತಿಗೆಯದು ಎಷ್ಟಾದರೂ ನಿಮ್ಮ ಮಗಳ ಮನೆ. ಮೆಟ್ಟಿಲು ಕಡಿಮೆ, ನೋಡಿಕೊಳ್ಳುವವರು ಹೆಚ್ಚು. ಅವಸರ ಮಾಡಿ ಬರಬೇಡಿ. ಇಲ್ಲಿ ಎಲ್ಲ ನಡೆಯುತ್ತಿದೆ. ನಿಮ್ಮ ಮಗ ಸೇತುವೆ ಕೆಲಸದಿಂದ ಮುಂದಿನ ತಿಂಗಳು ಬರಬಹುದು ಎಂದಿದ್ದಾರೆ. "ಬರಬಹುದು" ಎಂದರೆ ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು.

ವಿಷಯಕ್ಕೆ ಬರುತ್ತೇನೆ. ನಿನ್ನೆ ಪುರಸಭೆಯವರು ಗೇಟಿಗೆ ನೋಟಿಸು ಅಂಟಿಸಿ ಹೋಗಿದ್ದಾರೆ. ಸ್ವತ್ತಿನ ಮಾಲೀಕರಾದ ತಮ್ಮ ಅಂಗಳದಲ್ಲಿ ನೋಂದಣಿ ಚಾಲ್ತಿಯಲ್ಲಿಲ್ಲದ ಐದು ವಾಹನಗಳು ಬಯಲಿನಲ್ಲಿ ನಿಂತಿವೆ. ನೋಂದಣಿ ಮಾಡಿಸಿ, ಇಲ್ಲವೇ ತೆಗೆಸಿ. ಎರಡೂ ಮಾಡದಿದ್ದರೆ ನಾವೇ ಎತ್ತಿಕೊಂಡು ಹೋಗುತ್ತೇವೆ ಎಂಬುದು ಅದರ ಸಾರಾಂಶ.

ಹೇಳಿದರೆ ಬೇಜಾರು ಮಾಡಿಕೊಳ್ಳಬಾರದು. ನನಗೆ ನೋಟಿಸು ಓದಿ ಸಿಟ್ಟು ಬರಲಿಲ್ಲ. ಅಡುಗೆಮನೆ ಕಿಟಕಿ ತೆಗೆದರೆ ಜೀಪಿನ ಮೂತಿ. ಬಟ್ಟೆ ಒಣಹಾಕಲು ಹೋದರೆ ಕಾರಿನ ಬಾಗಿಲಿನ ತುಕ್ಕು ಸೀರೆಗೆ ಮೆತ್ತಿಕೊಳ್ಳುತ್ತದೆ. ಮಗು ಇನ್ನೇನು ಅಂಬೆಗಾಲಿಡುತ್ತಾಳೆ. ತಗಡು, ಮೊಳೆ, ಗಾಜು, ಕೆಳಗೆ ಏನೇನು ಬಿದ್ದಿದೆಯೋ! ಅವರಾಗಿಯೇ ತೆಗೆದುಕೊಂಡು ಹೋಗುವುದಾದರೆ ಹೋಗಲಿ ಬಿಡಿ ಮಾವ.

ನೀವು ಹೂಂ ಎಂದು ಒಂದು ಸಾಲು ಬರೆದರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ನಿಮ್ಮ ಸೊಸೆ

&nbsp;

ಮಾರ್ಚ್ 17

ಮಗಳೇ,

ಕಾಗದ ಸೇರಿತು. ಹೂಂ ಎನ್ನಲಾಗದು.

ಆ ಐದರಲ್ಲಿ ಒಂದೂ ನನ್ನದಲ್ಲ. ನನ್ನದಾಗಿದ್ದರೆ ನೀನು ಕೇಳುವ ಮೊದಲೇ ಗುಜರಿಗೆ ಹಾಕುತ್ತಿದ್ದೆ. ರಿಪೇರಿಗೆಂದು ತಂದು, "ನಾಳೆ ಬರ್ತೀನಿ" ಎಂದು ಹೇಳಿ ಹೋದವರ ಗಾಡಿಗಳು. ಅವರ ನಾಳೆ ಇನ್ನೂ ಬಂದಿಲ್ಲ, ಅಷ್ಟೇ. ನಾನು ಗ್ಯಾರೇಜಿನ ಶಟರ್ ಎಳೆದೆ ಎಂದು ಅವರ ಗಾಡಿ ನನ್ನದಾಗುತ್ತದೆಯೇ? ನೋಂದಣಿ ಕಾಗದ ಅವರ ಹತ್ತಿರ. ನಾನು ಮಾಡಿಸುವುದು ಹೇಗೆ?

ಒಂದೊಂದು ಸ್ಟೀರಿಂಗಿಗೂ ರಟ್ಟಿನ ಚೀಟಿ ಕಟ್ಟಿದೆ, ನೋಡಿರುತ್ತೀ. ಗಿರಾಕಿ ತನ್ನ ಬಾಯಲ್ಲಿ ಏನು ದೂರು ಹೇಳಿದನೋ ಅದನ್ನೇ ಬರೆಯುವುದು ನನ್ನ ಪದ್ಧತಿ. ನಮ್ಮ ಜಾಣತನ ಅದರಲ್ಲಿ ಸೇರಿಸಬಾರದು. ಚೀಟಿ ಇರುವತನಕ ಗಾಡಿ ಗಿರಾಕಿಯದು. ಕೊಡುವ ಹಕ್ಕಿಲ್ಲ, ಮಾರುವ ಹಕ್ಕಿಲ್ಲ. ಒಳಗೆ ಕೂರುವ ಹಕ್ಕೂ ಇಲ್ಲ. ನಿನ್ನ ಗಂಡ ಚಿಕ್ಕವನಿದ್ದಾಗ ಒಂದು ಕಾರಿನಲ್ಲಿ ಕೂತು ಬುರ್ ಬುರ್ ಎಂದು ಆಟವಾಡಿದ್ದಕ್ಕೆ ಬೆನ್ನಿಗೆ ಬಾರಿಸಿದ್ದೆ. ಕೇಳು ಅವನನ್ನು, ಇನ್ನೂ ನೆನಪಿರುತ್ತದೆ.

ಪುರಸಭೆಯವರಿಗೆ ಇದನ್ನೇ ಬರೆ. ನೀನು ಓದಿದವಳು, ಚೆನ್ನಾಗಿ ಬರೆಯುತ್ತೀ. ಗ್ಯಾರೇಜಿನ ಲೈಸೆನ್ಸು ವರ್ಷ ವರ್ಷ ಕಟ್ಟುತ್ತಲೇ ಇದ್ದೇನೆ, ಅದನ್ನೂ ಸೇರಿಸು. ಕಬೋರ್ಡಿನ ಮೇಲಿನ ಅರೆಯಲ್ಲಿದೆ.

ಮಗು ಬಹಳ ಅಳುತ್ತದೆ ಎಂದು ನಿನ್ನ ಅತ್ತಿಗೆ ಹೇಳಿದಳು. ಯಾವಾಗ ಅಳುತ್ತದೆ? ಎದ್ದ ಕೂಡಲೇನಾ, ಸ್ವಲ್ಪ ಹೊತ್ತು ಓಡಾಡಿ ಬಿಸಿಯಾದ ಮೇಲಾ? ಒಂದೇ ಸಮನೆಯಾ, ಬಿಟ್ಟು ಬಿಟ್ಟಾ? ಅಷ್ಟು ಗೊತ್ತಾಗದೆ ಏನೂ ಹೇಳಲಾಗದು. ನಮ್ಮ ಹಾರನ್ನಿಗೆ ಅಜ್ಜನ ಮುತ್ತು.

ನನ್ನ ಕಾಲು ಪರವಾಗಿಲ್ಲ.

ಮಾವ

&nbsp;

ಮಾರ್ಚ್ 26

ಮಾವನವರಿಗೆ ನಮಸ್ಕಾರಗಳು.

ಹಾರನ್ ಎಂಬ ಹೆಸರು ಚೆನ್ನಾಗಿದೆ. ಎದ್ದ ಕೂಡಲೇ ಅಳುತ್ತಾಳೆ, ಬಿಸಿಯಾದ ಮೇಲೂ ಅಳುತ್ತಾಳೆ. ಒಂದೇ ಸಮನೆ ಅಳುತ್ತಾಳೆ, ಬಿಟ್ಟು ಬಿಟ್ಟೂ ಅಳುತ್ತಾಳೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ "ಏನಿಲ್ಲಮ್ಮ, ಕೆಲವು ಮಕ್ಕಳು ಹೀಗೇ" ಎಂದರು. ಆ "ಏನಿಲ್ಲ" ಎನ್ನುವುದನ್ನು ಮನೆಗೆ ತಂದುಕೊಂಡು ನಾನು ಏನು ಮಾಡಲಿ?

ನೀವು ಹೇಳಿದಂತೆ ಬರೆದು, ಲೈಸೆನ್ಸಿನ ನಕಲು ಲಗತ್ತಿಸಿ, ಮಗುವನ್ನು ಎತ್ತಿಕೊಂಡು ಪುರಸಭೆಗೆ ಹೋದೆ. ಅವಳು ಹಾರನ್ ಶುರುಮಾಡಿದ್ದಕ್ಕೆ ಸಾಲಿನಲ್ಲಿದ್ದವರೆಲ್ಲ "ಮೊದ್ಲು ಇವ್ರನ್ನ ಕಳ್ಸಿ ಸಾರ್, ಪುಣ್ಯ ಬರುತ್ತೆ" ಎಂದು ನನ್ನನ್ನು ಮುಂದೆ ತಳ್ಳಿದರು. ಅಷ್ಟು ಉಪಕಾರ ಅವಳಿಂದ.

ಇನ್ಸ್‌ಪೆಕ್ಟರು ಒಳ್ಳೆಯವರೋ ಕೆಟ್ಟವರೋ ಗೊತ್ತಾಗಲಿಲ್ಲ. ಒಳಗೆ ಕೂತಾಗಲೂ ಕೊಡೆಯನ್ನು ಕುರ್ಚಿಯ ತೋಳಿಗೆ ಸಿಕ್ಕಿಸಿಕೊಂಡಿರುತ್ತಾರೆ. ನಾನು ಮನಸ್ಸಿನಲ್ಲೇ ಕೊಡೆ ಸಾಹೇಬರು ಎಂದು ಹೆಸರಿಟ್ಟೆ.

"ಸ್ವಂತ ಜಾಗ ಸಾರ್. ರಸ್ತೇಲಿ ನಿಲ್ಸಿಲ್ಲ" ಎಂದೆ.

"ಸ್ವಂತ ಜಾಗ ಅಂತಲೇ ನೋಟಿಸು ಕೊಟ್ಟಿರೋದಮ್ಮ. ರಸ್ತೇಲಿದ್ದಿದ್ರೆ ಕೇಳ್ದೇನೇ ಎತ್ಕೊಂಡು ಹೋಗ್ತಿದ್ವಿ."

"ಆದ್ರೆ ಗಾಡಿ ನಮ್ದಲ್ಲ."

"ನಿಮ್ದಲ್ಲ ಅಂದ್ರೆ ತೆಗ್ಸೋಕೆ ಏನು ಕಷ್ಟ?"

"ನಮ್ದಲ್ಲ ಅಂತಲೇ ಸಾರ್ ತೆಗ್ಸೋಕಾಗಲ್ಲ."

ಅವರು ಪೆನ್ನು ಕೆಳಗಿಟ್ಟರು. "ಇನ್ನೊಂದ್ಸಲ ಹೇಳಿ, ನಿಧಾನಕ್ಕೆ."

ಇನ್ನೊಂದು ಸಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ತಲೆ ಚಿಟ್ಟು ಹಿಡಿಯಿತು. ಯಾರದೋ ಗಾಡಿಗಾಗಿ, ಯಾರೋ ಬರುತ್ತಾರೆಂದು, ನಾನು ಯಾಕೆ ಇಲ್ಲಿ ನಿಂತಿದ್ದೇನೆ? ವಿಚಾರಣೆ ಮುಂದಿನ ತಿಂಗಳಂತೆ. ಅಷ್ಟರಲ್ಲಿ ಐದೂ ಗಾಡಿಗಳ ವಿವರ ಬರೆದು ಕೊಡಬೇಕಂತೆ.

ಬಂದು ಚೀಟಿಗಳನ್ನು ಓದಿದೆ, ಬಾಗಿಲ ಹೊರಗೆ ನಿಂತುಕೊಂಡೇ. ಜೀಪು: "ಏರಿನಲ್ಲಿ ಕೆಮ್ಮುತ್ತೆ." ಆಟೋ: "ನಾನು ಎಲ್ಲಿಗೆ ಹೋಗ್ಬೇಕು ಅಂದ್ರೂ ಅದು ಎಡಕ್ಕೇ ಹೋಗುತ್ತೆ." ಬಿಳಿ ಕಾರು: "ಮೈದುನ ಓಡಿಸಿದಮೇಲೆ ಹೀಗಾಯ್ತು." ಇನ್ನೊಂದು ಕಾರಿನದು: "ಯಾಕೋ ಸರಿಯಿಲ್ಲ ಅನ್ಸುತ್ತೆ." ಇದಕ್ಕೆ ನೀವು ಏನು ರಿಪೇರಿ ಮಾಡಬೇಕೆಂದಿದ್ದಿರಿ ಮಾವ?

ನೀಲಿ ವ್ಯಾನಿನ ಚೀಟಿಯನ್ನು ಮಾತ್ರ ಎರಡು ಸಲ ಓದಿದೆ. "ಆಫ್ ಮಾಡಿ ಕೀ ತೆಗೆದ ಮೇಲೂ ಇಂಜಿನ್ ಓಡ್ತಾನೇ ಇರುತ್ತೆ." ಅಂಥದ್ದೂ ಇರುತ್ತದೆಯೇ?

ನಿಮ್ಮ ಸೊಸೆ

&nbsp;

ಏಪ್ರಿಲ್ 5

ಮಗಳೇ,

ಇರುತ್ತದೆ. ಇಂಜಿನ್ ಮಿತಿಮೀರಿ ಬಿಸಿಯಾಗಿ, ಒಳಗೆ ಮಸಿ ಕಟ್ಟಿಕೊಂಡಿದ್ದರೆ ಕೀ ತೆಗೆದರೂ ಆ ಕಾವಿಗೇ ಹೊತ್ತಿಕೊಂಡು ಧಡ್ ಧಡ್ ಎಂದು ಓಡುತ್ತದೆ. ನೋಡುವವರಿಗೆ ದೆವ್ವ ಹಿಡಿದಂತೆ ಕಾಣುತ್ತದೆ. ಬಾನೆಟ್ಟಿಗೆ ಗುದ್ದಿದರೆ ನಿಲ್ಲುವುದಿಲ್ಲ. ಗೇರಿಗೆ ಹಾಕಿ, ಬ್ರೇಕು ಒತ್ತಿ ಹಿಡಿದು, ಕ್ಲಚ್ಚು ಬಿಡಬೇಕು. ಆಗ ಒಂದು ಸಲ ಒದರಿ ನಿಲ್ಲುತ್ತದೆ. ಆಮೇಲೆ ತಣ್ಣಗಾಗಲು ಬಿಡಬೇಕು.

"ಸರಿಯಿಲ್ಲ ಅನ್ಸುತ್ತೆ" ಎಂದವನನ್ನು ನೋಡಿ ನಗಬೇಡ. ಬಹಳ ಸಲ ಅವನೇ ಸರಿ.

ನಿನ್ನ ಅಕ್ಷರ ನೋಡಿದೆ. ಮೊದಲ ಕಾಗದದಲ್ಲಿ ಸಾಲು ನೆಟ್ಟಗಿತ್ತು. ಇದರಲ್ಲಿ ಎಲ್ಲ ಸಾಲೂ ಬಲಗಡೆ ಇಳಿಜಾರು. ಹುಷಾರಾಗಿದ್ದೀಯಾ?

ನಾನು ಚೆನ್ನಾಗಿದ್ದೇನೆ. ಇಲ್ಲಿ ಬಾಲ್ಕನಿಯಲ್ಲಿ ಕೂತರೆ ಕೆಳಗೆ ಸಿಗ್ನಲ್ಲು. ನಿಂತ ಗಾಡಿಗಳಲ್ಲಿ ಯಾವುದಕ್ಕೆ ಏನಾಗಿದೆ ಎಂದು ಹೊಗೆ ನೋಡಿ ಹೇಳುವುದು ನನ್ನ ಕೆಲಸ. ಕೇಳುವವರು ಯಾರೂ ಇಲ್ಲ.

ಮಾವ

&nbsp;

ಏಪ್ರಿಲ್ 11

ಮಾವನವರಿಗೆ ನಮಸ್ಕಾರಗಳು.

ಹುಷಾರಾಗಿದ್ದೇನೆ. ಮಗುವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬರೆದರೆ ಸಾಲು ಇಳಿಯದೆ ಇನ್ನೇನಾಗುತ್ತದೆ?

ನಾನು ಯೋಚನೆ ಮಾಡಿದೆ. ನೀವು ಹೇಳಿದ್ದೇ ಸರಿ. ಗಿರಾಕಿ ನಂಬಿ ಬಿಟ್ಟು ಹೋದದ್ದನ್ನು ನಾವು ಕೈಯಾರೆ ಕೊಟ್ಟುಬಿಟ್ಟರೆ ನಮಗೂ ಕಳ್ಳರಿಗೂ ಏನು ವ್ಯತ್ಯಾಸ? ಪುರಸಭೆಗೆ ಇನ್ನೊಂದು ಉತ್ತರ ಬರೆದು ಕೊಟ್ಟಿದ್ದೇನೆ, ಸ್ವಲ್ಪ ಖಾರವಾಗಿಯೇ. ಐದನ್ನೂ ಉಳಿಸಿಕೊಳ್ಳಲು ಆಗದಿದ್ದರೆ ಒಂದನ್ನಾದರೂ, ಉದಾಹರಣೆಗೆ ಆ ವ್ಯಾನನ್ನು, ಉಳಿಸಿಕೊಳ್ಳಲೇಬೇಕು. ಅದು ಬೇವಿನ ಮರದ ನೆರಳಿನಲ್ಲಿದೆ, ಯಾರಿಗೂ ಅಡ್ಡಿಯಿಲ್ಲ. ಹಿಂಬಾಗಿಲು ತೆಗೆದಿಟ್ಟರೆ ಗಾಳಿ ಚೆನ್ನಾಗಿ ಆಡುತ್ತದೆ. ಡ್ರೈವರ್ ಸೀಟಿನ ಎಡಗಡೆ ಮಾತ್ರ ಒಂದು ಸ್ಪ್ರಿಂಗು ಮೇಲೆ ಬಂದು ಚುಚ್ಚುತ್ತದೆ. ಅಂದರೆ, ಚುಚ್ಚುವ ಹಾಗೆ ಹೊರಗಿನಿಂದ ಕಾಣುತ್ತದೆ.

ಹಾರನ್ ಈಗ ಮಧ್ಯಾಹ್ನದ ಹೊತ್ತು ಮಲಗುತ್ತಿದ್ದಾಳೆ. ಎಲ್ಲಿ, ಹೇಗೆ ಎಂದು ಕೇಳಬೇಡಿ. ಮಲಗುತ್ತಾಳೆ, ಅಷ್ಟೇ. ಕಣ್ಣು ತಾಗಬಾರದು.

ನಿಮ್ಮ ಕಾಲು ಪರವಾಗಿಲ್ಲ ಎಂದು ಬರೆದಿರಿ, ಚೆನ್ನಾಗಿದ್ದೇನೆ ಎಂದೂ ಬರೆದಿರಿ. ಆದರೆ ಯಾವಾಗ ಬರುತ್ತೀರೆಂದು ಬರೆಯಲಿಲ್ಲ. ಅತ್ತಿಗೆಯ ಮನೆಯ ಬಾಲ್ಕನಿ ನಮ್ಮ ಅಂಗಳಕ್ಕಿಂತ ಹಿತವಾಗಿದೆಯೆಂದು ಕಾಣುತ್ತದೆ. ತಪ್ಪಿಲ್ಲ, ಇರಿ.

ನಿಮ್ಮ ಸೊಸೆ

&nbsp;

ಏಪ್ರಿಲ್ 20

ಮಗಳೇ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಮೊದಲು ಬೇಡ ಎಂದವಳು ಈಗ ಏಕಾಏಕಿ ಬೇಕು ಎನ್ನುತ್ತಿದ್ದೀ. ಮುದುಕನ ಮನಸ್ಸು ನೋಯಬಾರದೆಂದು ಹಾಗೆ ಬರೆದಿದ್ದೀ. ನನಗೆ ಕಿವಿ ಇಲ್ಲದಿರಬಹುದು, ಅಷ್ಟು ತಿಳಿಯುತ್ತದೆ.

ಸೀಟಿನ ಸ್ಪ್ರಿಂಗು ಹೊರಗೆ ಬಂದಿದೆ ಎಂದು ಬರೆದಿದ್ದೀ. ಮಗು ತೆವಳಿಕೊಂಡು ಹೋಗಿ ಅದಕ್ಕೆ ಕೈ ಹಾಕಿದರೆ? ನೀನು ಮೊದಲ ಕಾಗದದಲ್ಲೇ ಹೇಳಿದ್ದೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಓಡಾಡಿ ಓಡಾಡಿ ನಿನ್ನ ಅಕ್ಷರವೇ ಬಿದ್ದುಹೋಗುತ್ತಿದೆ. ಬರಲಾರದ ಗಿರಾಕಿಗಳಿಗಾಗಿ ಮನೆಯಲ್ಲಿರುವವಳನ್ನು ಸವೆಸುವುದು ಯಾವ ನ್ಯಾಯ?

ನಿನ್ನೆ ಪುರಸಭೆಗೆ ನಾನೇ ಬರೆದು, ಸಹಿ ಮಾಡಿ ಕಳಿಸಿದೆ. ಐದನ್ನೂ ತೆಗೆದುಕೊಂಡು ಹೋಗಿ, ನನ್ನ ಅಡ್ಡಿ ಇಲ್ಲ ಎಂದು. ಇನ್ನು ನೀನು ಆ ಕಚೇರಿಯ ಮೆಟ್ಟಿಲು ಹತ್ತುವುದು ಬೇಡ. ಅಂಗಳ ಗುಡಿಸಿ, ಬಟ್ಟೆ ಒಣಹಾಕಿಕೊಂಡು, ಮಗುವನ್ನು ಬಿಸಿಲಿಗೆ ಬಿಡು.

ಇದರ ಬಗ್ಗೆ ಮತ್ತೆ ಬರೆಯಬೇಡ.

ಮಾವ

&nbsp;

ಏಪ್ರಿಲ್ 21

ಮಾವನವರಿಗೆ ನಮಸ್ಕಾರಗಳು.

ಗೆದ್ದೆವು! ಪೂರ್ತಿಯಲ್ಲ, ಐದರಲ್ಲಿ ಒಂದು. ಇವತ್ತು ವಿಚಾರಣೆ ಮುಗಿಯಿತು.

ಕೊಡೆ ಸಾಹೇಬರು ಪುಸ್ತಕ ತಿರುವಿ ತಿರುವಿ ಕೊನೆಗೆ ಒಂದು ಕಡೆ ಬೆರಳಿಟ್ಟರು. ಲೈಸೆನ್ಸು ಇರುವ ಗ್ಯಾರೇಜಿನವರು ರಿಪೇರಿಯಲ್ಲಿರುವ ಒಂದು ಗಾಡಿಯನ್ನು ನೋಂದಣಿ ಇಲ್ಲದೆಯೂ ಇಟ್ಟುಕೊಳ್ಳಬಹುದಂತೆ. ಆದರೆ ಅದಕ್ಕೆ ಗಿರಾಕಿ ಇರಬೇಕು. ಗಿರಾಕಿ ಯಾರು, ದೂರು ಏನು ಎಂದು ಮೆಕ್ಯಾನಿಕ್ಕಿನ ಕೈಬರಹದಲ್ಲಿ ಗಾಡಿಯ ಮೇಲೆ ಇರಬೇಕು.

"ದೂರು ಇದೆ ಸಾರ್. ಚೀಟಿ ಕಟ್ಟಿದೆ" ಎಂದೆ.

"ಗಿರಾಕಿ?"

"ಬರ್ತಾರೆ ಸಾರ್."

"ಯಾವಾಗ್ ಬರ್ತಾರೆ?"

"ದಿನಾ ಬರ್ತಾರೆ" ಎಂದುಬಿಟ್ಟೆ. ಬಾಯಿಗೆ ಬಂದುಬಿಟ್ಟಿತು ಮಾವ. ಅವರು ಕನ್ನಡಕದ ಮೇಲಿನಿಂದ ನನ್ನನ್ನೂ, ಹೆಗಲಿನ ಮೇಲೆ ಎಂಜಲು ಸುರಿಸುತ್ತಿದ್ದ ಹಾರನ್ನನ್ನೂ ನೋಡಿ, "ಹೆಸರು ಬರೆಸ್ಕೊಂಡು ಬನ್ನಿ" ಎಂದರು.

ನೀಲಿ ವ್ಯಾನಿನ ಗಿರಾಕಿ ಯಾರು? ಚೀಟಿಯಲ್ಲಿ ಹೆಸರು ಅಳಿಸಿಹೋಗಿದೆ. ಬೇಗ ಬರೆಯಿರಿ. ಅವರನ್ನು ನಾನೇ ಹುಡುಕಿ, ಕೈಮುಗಿದು ಕೇಳುತ್ತೇನೆ.

ನಿಮ್ಮ ಸೊಸೆ

&nbsp;

ಏಪ್ರಿಲ್ 29

ಮಾವ,

ಇಪ್ಪತ್ತನೇ ತಾರೀಕಿನ ನಿಮ್ಮ ಕಾಗದ ಇವತ್ತು ಬಂತು. ಆದರೆ ನಿಮ್ಮ ಸಹಿಯನ್ನು ನಾನು ನಿನ್ನೆಯೇ ನೋಡಿದೆ. ಕ್ರೇನಿನವರ ಕೈಯಲ್ಲಿ.

ಸಿಟ್ಟಿನಲ್ಲಿ ಬರೆಯಬಾರದೆಂದು ಬೆಳಗಿನಿಂದ ಕಾದೆ. ಸಿಟ್ಟು ಇಳಿಯಿತು, ಅಳು ಬಂತು, ಅದೂ ಇಳಿಯಿತು. ಈಗ ಬರೇ ಸುಸ್ತು ಉಳಿದಿದೆ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಗಾಡಿಗಳ ವಿವರ ಬರೆಯಲು ಹೋದ ದಿನ ಮಗು ಬಿಡದೆ ಅಳುತ್ತಿದ್ದಳು. ನಿಂತು ನಿಂತು ನನ್ನ ಕಾಲು ಬಿದ್ದುಹೋಗುವ ಹಾಗಾಗಿತ್ತು. ವ್ಯಾನಿನ ಬಾಗಿಲು ತೆಗೆದು ಸೀಟಿನ ತುದಿಯಲ್ಲಿ ಕೂತೆ. ನಿಮ್ಮ ಮಾತು ನೆನಪಿತ್ತು, ಆದರೂ ಕೂತೆ. ಸೀಟಿನ ಸ್ಪ್ರಿಂಗು ಮೇಲೆ ಕೆಳಗೆ ಆಡಿತು. ಅಳು ನಿಂತಿತು. ಇಂಜಿನ್ ಎಣ್ಣೆಯ ಹಳೇ ವಾಸನೆಯೋ, ಆ ಸ್ಪ್ರಿಂಗೋ, ಮರದ ನೆರಳು ಗಾಜಿನ ಮೇಲೆ ಓಡಾಡುವುದೋ, ಏನೆಂದು ಗೊತ್ತಿಲ್ಲ, ಅವಳು ಮಲಗಿಬಿಟ್ಟಳು. ಹಾಗೇ ಸ್ಟೀರಿಂಗಿಗೆ ತಲೆ ಆನಿಸಿ ನಾನೂ. ಎದ್ದಾಗ ಕೆನ್ನೆಯ ಮೇಲೆ ಸ್ಟೀರಿಂಗಿನ ಅಚ್ಚು ಬಿದ್ದಿತ್ತು. ಅವಳು ಹುಟ್ಟಿದಮೇಲೆ ನಾನು ಹಾಗೆ ಮಲಗಿದ್ದು ಅದೇ ಮೊದಲು.

ಮನೆಯೊಳಗೆ ಅವಳು ಮಲಗಿದಾಗಲೂ ನನಗೆ ನಿದ್ದೆ ಹತ್ತುವುದಿಲ್ಲ ಮಾವ. ಕಣ್ಣು ಮುಚ್ಚಿದರೂ ತಲೆ ಓಡುತ್ತಲೇ ಇರುತ್ತದೆ. ಗ್ಯಾಸು ಆಫ್ ಮಾಡಿದೆನೇ? ಅವಳ ಮುಖದ ಮೇಲೆ ಹೊದಿಕೆ ಬಿದ್ದಿದೆಯೇ? ಉಸಿರು ಬರುತ್ತಿದೆಯೇ? ಎದ್ದು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ, ಅವಳು ಎಚ್ಚರಾಗುತ್ತಾಳೆ. ವ್ಯಾನಿನಲ್ಲಿ ಮಾತ್ರ, ಯಾಕೋ, ಯಾರೋ ನಮ್ಮಿಬ್ಬರನ್ನೂ ಎಲ್ಲಿಗೋ ಕರೆದುಕೊಂಡು ಹೋಗುತ್ತಿದ್ದಾರೆ, ಇನ್ನು ನಾನು ನೋಡಿಕೊಳ್ಳಬೇಕಾಗಿಲ್ಲ ಅನ್ನಿಸುತ್ತದೆ. ಅಂದಿನಿಂದ ದಿನಾ ಮಧ್ಯಾಹ್ನ ಅಲ್ಲೇ. ಹೇಳಲು ನಾಚಿಕೆ, ನಿಮ್ಮ ಭಯ ಬೇರೆ. ಅದಕ್ಕೇ ನಂಬಿಕೆ, ಕಳ್ಳರು ಎಂದೆಲ್ಲ ದೊಡ್ಡ ಮಾತು ಬರೆದೆ.

ನಿನ್ನೆಯೂ ಮಲಗಿದ್ದೆವು. ಗಾಜಿಗೆ ಯಾರೋ ಮೆಲ್ಲಗೆ ಕುಟ್ಟಿದ ಹಾಗಾಯಿತು. ಕೊಡೆ ಸಾಹೇಬರು, ಹಿಂದೆ ಕ್ರೇನು.

"ಮಾಲೀಕರೇ ಬರೆದು ಕೊಟ್ಟಿದ್ದಾರಮ್ಮ, ಐದೂ ತಗೊಂಡ್ಹೋಗಿ ಅಂತ."

ನಾನು ಕಾಗದ ನೋಡಿದೆ. ನಿಮ್ಮದೇ ಅಕ್ಷರ. "ಸಾರ್, ಮಗು ಮಲಗಿದೆ" ಎಂದೆ. ಅಷ್ಟು ದಿನ ಅಷ್ಟು ವಾದ ಮಾಡಿದವಳಿಗೆ ಅದೊಂದು ಬಿಟ್ಟು ಬೇರೇನೂ ಹೊಳೆಯಲಿಲ್ಲ.

ಕ್ರೇನಿನ ಡ್ರೈವರು ಇಣುಕಿ ನೋಡಿ, ಹೋಗಿ ಇಂಜಿನ್ ಆಫ್ ಮಾಡಿ ಬಂದ. "ಸಾರ್, ನಮ್ಮನೇಲೂ ಒಂದಿದೆ ಇಂಥದ್ದು. ಎಬ್ಬಿಸಿದ್ರೆ ನೀವೇ ಆಡಿಸ್ಬೇಕು, ನನ್ ಕೈಲಾಗಲ್ಲ" ಎಂದು ಪಿಸುಗುಟ್ಟಿದ. ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಆ ಗಂಡಸರೆಲ್ಲ ಬೆಕ್ಕಿನ ಹೆಜ್ಜೆ ಇಟ್ಟುಕೊಂಡು, ಆಟೋವನ್ನು ಕೈಯಲ್ಲೇ ತಳ್ಳಿಕೊಂಡು ಗೇಟಿನಾಚೆ ಹೋದರು. ಅದು ಎಡಕ್ಕೇ ಎಳೆದು ಕಾಂಪೌಂಡಿಗೆ ಒಂದು ಸಲ ಗುದ್ದಿತು. "ಶ್! ಶ್!" ಎಂದು ಎಲ್ಲರೂ ಆಟೋವನ್ನೇ ಗದರಿದರು. ಜೀಪು, ಕಾರುಗಳನ್ನು ರಸ್ತೆಯವರೆಗೂ ಹಾಗೇ ತಳ್ಳಿ, ಅಲ್ಲಿಂದ ಎತ್ತಿಕೊಂಡರು. ಹೋಗುವ ಮುಂಚೆ ನಾನು ನಾಲ್ಕೂ ಚೀಟಿಗಳನ್ನು ಬಿಚ್ಚಿ ಇಟ್ಟುಕೊಂಡಿದ್ದೇನೆ.

ಅಷ್ಟರಲ್ಲಿ ನೆರಳು ಸರಿದು ಮಗುವಿನ ಮುಖಕ್ಕೆ ಬಿಸಿಲು ಬಿತ್ತು. ಸಾಹೇಬರು ಕೊಡೆ ಬಿಚ್ಚಿ ಗಾಜಿಗೆ ಅಡ್ಡ ಹಿಡಿದು ನಿಂತರು. ಅಂಗಿಯೆಲ್ಲ ಬೆವರಾದರೂ ಕದಲಲಿಲ್ಲ.

"ದಿನಾ ಬರೋ ಗಿರಾಕಿ ಅಂದ್ರಲ್ಲ" ಎಂದರು ಕೊನೆಗೆ. "ಹದಿನೈದನೇ ತಾರೀಕಿನೊಳಗೆ ಚೀಟಿ ತೋರಿಸಿ. ಇಲ್ದಿದ್ರೆ ನಾನೇನೂ ಮಾಡೋಕಾಗಲ್ಲಮ್ಮ. ಸಹಿ ಹಾಕಿರೋದು ನಿಮ್ಮ ಮಾವನವ್ರೇ."

ಗಿರಾಕಿ ಯಾರು ಮಾವ? ಬೈಯುವುದಿದ್ದರೆ ಆಮೇಲೆ ಬೈಯಿರಿ. ಮೊದಲು ಹೆಸರು ಹೇಳಿ.

ನಿಮ್ಮ ಸೊಸೆ

&nbsp;

ಮೇ 7

ಮಗಳೇ,

ಮೊದಲು ಸ್ಪ್ರಿಂಗು. ಹಳೇ ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಬಿಗಿಯಾಗಿ ಕಟ್ಟು, ಮೇಲೆ ಹಾಸಿಗೆ ಹಾಕು. ಎಡಗಡೆ ಬಾಗಿಲ ಬೀಗ ತಾನಾಗಿಯೇ ಬೀಳುತ್ತದೆ. ಅದರ ಗುಬುಟು ತಿರುಪಿ ತೆಗೆದುಬಿಡು. ಎಲ್ಲ ಬಾಗಿಲೂ ತೆರೆದೇ ಇರಲಿ. ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟಿದೆಯೋ ನೋಡು. ಬಿಸಿಲು ಏರಿದಮೇಲೆ ಒಳಗೆ ಇರಬೇಡ.

ಈಗ ಗಿರಾಕಿ. ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದ ಡ್ರೈವರನ ವ್ಯಾನು ಅದು. ಅವನೊಬ್ಬ ಮಾತ್ರ ವಾಪಸು ಬಂದಿದ್ದ. ಗಾಡಿಯ ಪಕ್ಕ ಒಂದಷ್ಟು ಹೊತ್ತು ಕೂತು, "ನಂಗಿನ್ನು ಬೇಡ, ಯಾರಿಗಾದ್ರೂ ಬೇಕಾದ್ರೆ ಕೊಡಿ" ಎಂದು ಹೇಳಿ ಹೋದ. ಆದರೂ ಚೀಟಿ ಬಿಚ್ಚಲಿಲ್ಲ ನಾನು. ದೂರು ಬಗೆಹರಿದಿರಲಿಲ್ಲ. ಬಗೆಹರಿಯದ ದೂರನ್ನು ಬಿಚ್ಚಿ ಎಸೆಯಲು ಕೈ ಬರಲಿಲ್ಲ. ಹಾಗಾಗಿ ವ್ಯಾನನ್ನು ಕೊಡುವ ಹಕ್ಕು ನನಗಿದೆ. ಅದೊಂದರದ್ದೇ ಇದ್ದದ್ದು, ಉಳಿದ ನಾಲ್ಕರದ್ದು ಇರಲಿಲ್ಲ. ಆದರೂ ಸಹಿ ಹಾಕಿದೆ. ಆ ಗಿರಾಕಿಗಳು ಬಂದರೆ ಉತ್ತರ ನಾನೇ ಹೇಳಬೇಕು. ಆ ನಾಲ್ಕು ಚೀಟಿಗಳನ್ನು ಜೋಪಾನವಾಗಿಡು.

ನಾನೂ ಒಂದು ವಿಷಯ ಹೇಳಬೇಕು. ಕಾಲು ಪರವಾಗಿಲ್ಲ ಎಂದು ಬರೆಯುತ್ತಿದ್ದೆನಲ್ಲ, ಇನ್ನು ಗಾಡಿ ಕೆಳಗೆ ಮಲಗಿ ಕೆಲಸ ಮಾಡುವ ಕಾಲಲ್ಲ ಇದು. ಕೋಲು ಹಿಡಿದು ಬಚ್ಚಲಿಗೆ ಹೋಗಿ ಬರುತ್ತೇನೆ. ಮನೆಗೆ ಹೋಗಬಹುದು ಎಂದು ಡಾಕ್ಟರು ಮಾರ್ಚಿನಲ್ಲೇ ಹೇಳಿದ್ದರು. ನೀನು "ಅವಸರ ಮಾಡಿ ಬರಬೇಡಿ" ಎಂದು ಬರೆದೆ. ಅಂಗಳದಲ್ಲಿ ಓಡದ ಗಾಡಿ ಐದು ನಿಂತಿವೆ, ಅವಳಿಗೆ ಅವೇ ಭಾರ, ಆರನೆಯದು ಯಾಕೆ ಎಂದುಕೊಂಡು ಸುಮ್ಮನಿದ್ದೆ. ಈ ಬಾಲ್ಕನಿ ನನಗೆ ಹಿಡಿಸಿತೆಂದು ನೀನು ತಿಳಿದೆ.

ಕೀ ತೆಗೆದರೂ ನಿಲ್ಲದ ಇಂಜಿನ್ನಿನ ವಿಷಯ ಕೇಳಿದಾಗ ನಾನು ಇಂಜಿನ್ನಿನ ವಿಷಯವನ್ನೇ ಹೇಳಿದೆ. ಕೇಳುತ್ತಿರುವವಳು ಯಾರು ಎಂದು ನೋಡಲಿಲ್ಲ. ಗಿರಾಕಿಯ ಬಾಯಿಂದ ಬಂದದ್ದನ್ನು ಹಾಗೇ ಬರೆದುಕೊಳ್ಳಬೇಕು ಎನ್ನುವವನು ನಾನು! ಅಂಥ ಇಂಜಿನ್ನನ್ನು ನಿಲ್ಲಿಸಲು ಒಬ್ಬರು ಗಟ್ಟಿಯಾಗಿ ಬ್ರೇಕು ತುಳಿದು ಕೂರಬೇಕು. ಅಷ್ಟು ಮಾಡಲು ಈ ಸೊಂಟ ಸಾಕು. ನಾನು ವ್ಯಾನಿನಲ್ಲಿ ಮಗುವನ್ನು ಹಿಡಿದುಕೊಂಡು ಕೂರುತ್ತೇನೆ. ಅವಳ ಹಾರನ್ನು ನನ್ನ ಕಿವಿಗೆ ತೊಂದರೆ ಕೊಡುವುದಿಲ್ಲ. ನೀನು ಒಳಗೆ ಹೋಗಿ ಮಂಚದ ಮೇಲೆ ಮಲಗು.

ಇದರ ಜೊತೆಗೆ ರಟ್ಟಿನ ಚೀಟಿ ಇಟ್ಟಿದ್ದೇನೆ. ಹಳೆಯದನ್ನು ಬಿಚ್ಚಿ ಇದನ್ನು ಕಟ್ಟು. ಪುರಸಭೆಯವರು ಏನು ಬೇಕಾದರೂ ಹೇಳಲಿ, ಚೀಟಿ ಇರುವತನಕ ಗಾಡಿ ಗಿರಾಕಿಯದು.

ಗಿರಾಕಿ: ನನ್ನ ಸೊಸೆ.
ದೂರು: ಆಫ್ ಮಾಡಿ ಕೀ ತೆಗೆದ ಮೇಲೂ ಓಡ್ತಾನೇ ಇರುತ್ತೆ.
ಅವಸರವಿಲ್ಲ. ನಿಧಾನವಾಗಿ ನೋಡುವುದು.

ಮಾವ

&nbsp;

ಮೇ 15

ಮಾವನವರಿಗೆ ನಮಸ್ಕಾರಗಳು.

ಚೀಟಿ ನಿನ್ನೆ ಬಂತು, ನಿನ್ನೆಯೇ ಕಟ್ಟಿದೆ. ಇವತ್ತು ಕೊಡೆ ಸಾಹೇಬರು ಬಂದರು. ಕನ್ನಡಕ ಹಾಕಿಕೊಂಡು, ಚೀಟಿಯನ್ನು ಬೆಳಕಿಗೆ ತಿರುಗಿಸಿ, ತುಟಿ ಅಲ್ಲಾಡಿಸುತ್ತಾ ಓದಿದರು. ಓದಿ ನನ್ನನ್ನು ನೋಡಿದರು. ತಲೆ ಬಾಚಿರಲಿಲ್ಲ ನಾನು.

"ಗಿರಾಕಿ ನೀವೇನಾ?"

"ಹೂಂ ಸಾರ್."

"ರಿಪೇರಿಗೆ ಎಷ್ಟು ದಿನ ಹಿಡಿಯುತ್ತಂತೆ?"

"ಗೊತ್ತಿಲ್ಲ ಸಾರ್. ಮೆಕ್ಯಾನಿಕ್ಕು ಇನ್ನೂ ಊರಿಂದ ಬರ್ಬೇಕು."

ಅವರು ಕಡತದಲ್ಲಿ "ರಿಪೇರಿಯಲ್ಲಿದೆ" ಎಂದು ಬರೆದರು. ಗೇಟಿನ ತನಕ ಹೋದವರು ತಿರುಗಿ ಬಂದು, "ನಮ್ಮ ಮನೆಯವ್ರಿಗೂ ಮೂರನೇದು ಹುಟ್ಟಿದಾಗ ಹೀಗೇ ಆಗಿತ್ತು. ನಾನು ಬಯ್ತಿದ್ದೆ" ಎಂದರು. ನೀರು ಬೇಕಾ ಎಂದು ಕೇಳಿದೆ. ಬೇಡ ಎಂದು ಹೋದರು.

ಸ್ಪ್ರಿಂಗಿಗೆ ಗೋಣಿ ಕಟ್ಟಿದ್ದೇನೆ. ಬೀಗದ ಗುಬುಟು ತೆಗೆದಿದ್ದೇನೆ. ಚಕ್ರಕ್ಕೆ ಕಲ್ಲು ಇದೆ.

"ಅವಸರ ಮಾಡಿ ಬರಬೇಡಿ" ಎಂದು ನಾನು ಬರೆದದ್ದು, ನಿಮ್ಮ ಎದುರಿಗೆ ಅಳಬೇಕಾದೀತೆಂಬ ಹೆದರಿಕೆಗೆ. ಬೇರೇನೂ ಅಲ್ಲ. ಅಂಗಳದಲ್ಲಿ ಈಗ ಬೇಕಾದಷ್ಟು ಜಾಗವಿದೆ. ಆ ನಾಲ್ವರಲ್ಲಿ ಯಾರಾದರೂ ಬಂದು ಕೇಳಿದರೆ ಉತ್ತರ ಹೇಳಲು ನನಗೆ ಬರುವುದಿಲ್ಲ. ನಿಮಗೆಂದು ಗೇಟಿನ ಹತ್ತಿರ ಕುರ್ಚಿ ಹಾಕಿಡುತ್ತೇನೆ. ಅತ್ತಿಗೆಗೆ ಹೇಳಿ, ಟಿಕೆಟು ಮಾಡಿಸಲಿ.

ಒಂದೇ ಒಂದು ಮಾತು. ಮಧ್ಯಾಹ್ನದ ಹೊತ್ತಿಗೆ ಬರುವುದಾದರೆ, ಗೇಟಿನ ಹತ್ತಿರ ಹಾರನ್ ಮಾಡಬೇಡ ಎಂದು ಟ್ಯಾಕ್ಸಿಯವನಿಗೆ ಮೊದಲೇ ಹೇಳಿ. ಬಾಗಿಲು ತೆಗೆದೇ ಇರುತ್ತದೆ. ನಾವು ಮಲಗಿರುತ್ತೇವೆ.

ನಿಮ್ಮ ಸೊಸೆ